ಕೂದಲೆಳೆಯಂಥ ಗಾಜು, ಒಂದು ಪೈಸೆಯ ಲೆಕ್ಕ

ನಮ್ಮ ಬೀದಿಯನ್ನು ಅಗೆಯುವುದು ಹೊಸತೇನಲ್ಲ. ಒಂದು ಸಲ ನೀರಿನ ಪೈಪಿಗೆ, ಒಂದು ಸಲ ಒಳಚರಂಡಿಗೆ, ಇನ್ನೊಂದು ಸಲ ಯಾತಕ್ಕೆಂದು ಅಗೆಯುವವರಿಗೂ ಗೊತ್ತಿರುವುದಿಲ್ಲ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಜೆಸಿಬಿ ಬಂದು ಮೂಲೆಮನೆಯ ಮುಂದೆ ತೋಡುತ್ತಿತ್ತು. ಒಳಗೆ ನಮ್ಮ ಅಕ್ಕ ಅಮೆರಿಕದಲ್ಲಿರುವ ಮಗನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತ ಕೂತಿದ್ದಳು. ಅಕ್ಕನಿಗೆ ಈಗ ಎಂಬತ್ತಮೂರು. ಈಚೆಗೆ ಮರೆವು ಜಾಸ್ತಿ. "ಊಟ ಆಯ್ತೇನೋ?" ಎಂದು ಅವನನ್ನು ಮೂರನೇ ಸಲ ಕೇಳಿದಳು. ಅವನು ಉತ್ತರ ಹೇಳಲು ಬಾಯಿ ತೆರೆದ. ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

ಅರ್ಧ ಗಂಟೆ ಮನೆಯ ಪೆಟ್ಟಿಗೆಯನ್ನು ಆರಿಸಿ, ಹಚ್ಚಿ, ತಟ್ಟಿ ನೋಡಿದೆವು. ಆಮೇಲೆ ಮೊಮ್ಮಗಳು ಹೊರಗೆ ಓಡಿ ಹೋಗಿ ಸುದ್ದಿ ತಂದಳು: "ತಾತ, ಜೆಸಿಬಿ ಏನೋ ಕಪ್ಪು ವೈರನ್ನ ಎರಡು ತುಂಡು ಮಾಡಿದೆ!"

ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಹುಡುಗ ವ್ಯಾನಿನಲ್ಲಿ ಬಂದ. ಹರಿದ ಕೇಬಲ್ಲಿನ ಒಂದು ಗೇಣು ತುಂಡನ್ನು ಕತ್ತರಿಸಿ ಪಕ್ಕಕ್ಕೆ ಹಾಕಿದ. ಮೊಮ್ಮಗಳು ಅದನ್ನು ಬೇಕೆಂದು ಕೇಳಿದಾಗ, ತುದಿಗಳಿಗೆ ಟೇಪು ಸುತ್ತಿ ಕೊಟ್ಟು, "ಒಳಗಿನ ಗಾಜಿನ ಎಳೆ ಮುಟ್ಟಬೇಡ ಪುಟ್ಟಿ. ಬೆರಳಿಗೆ ಚುಚ್ಚಿಕೊಂಡರೆ ಕಣ್ಣಿಗೂ ಕಾಣಿಸಲ್ಲ, ತೆಗೆಯೋಕೂ ಆಗಲ್ಲ" ಅಂದ.

"ಗಾಜಾ? ಗಾಜಿನಲ್ಲಿ ದೊಡ್ಡಜ್ಜಿ ಮಾತು ಹೆಂಗೆ ಹೋಗತ್ತೆ ತಾತ?"

ನಾನು ಓದಿದ್ದು ಬಿ.ಕಾಂ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದವನು. "ಆಮೇಲೆ ಹೇಳ್ತೀನಿ" ಎಂದು ಆ ಹೊತ್ತಿಗೆ ತಪ್ಪಿಸಿಕೊಂಡೆ. ಆದರೆ ಮಕ್ಕಳ ಬಳಿ ಮಾಡಿದ ಸಾಲಕ್ಕೆ ಬಡ್ಡಿ ಜೋರು. ಹಾಗಾಗಿ ಒಂದು ವಾರ ಕೂತು ಓದಿದೆ. ಓದಿದ್ದರಲ್ಲಿ ನನಗೆ ಅರ್ಥವಾದದ್ದನ್ನು ನಿಮಗೂ ಹೇಳುತ್ತೇನೆ.

ಮಕ್ಕಳೇ, ಮೊದಲು ಒಂದು ಆಟ. ಮನೆಯಲ್ಲಿರುವ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ದೊಡ್ಡವರ ಕೈಯಲ್ಲಿ ಒಂದು ಸಣ್ಣ ತೂತು ಮಾಡಿಸಿ. ತೂತಿಗೆ ಬೆರಳಿಟ್ಟು ನೀರು ತುಂಬಿ. ಬಚ್ಚಲುಮನೆಯ ದೀಪ ಆರಿಸಿ, ತೂತಿನ ಎದುರು ಬದಿಯಿಂದ ಟಾರ್ಚ್ ಬಿಟ್ಟು ಬೆರಳು ತೆಗೆಯಿರಿ. ನೀರು ಬಾಗಿ ಬೀಳುತ್ತದಲ್ಲ, ಬೆಳಕೂ ಅದರೊಳಗೇ ಬಾಗಿ ಬಂದು ನಿಮ್ಮ ಅಂಗೈ ಮೇಲೆ ಬೀಳುತ್ತದೆ. ನಾವು ಮಾಡಿ ನೋಡಿದೆವು. ಮೊಮ್ಮಗಳ ಅಂಗೈಯಲ್ಲಿ ಒಂದು ಮಿಣುಕುಹುಳು ಕೂತಂತೆ ಇತ್ತು. (ಮೊಬೈಲಿನ ಟಾರ್ಚ್ ಬೇಡ. ನಮ್ಮ ಮನೆಯಲ್ಲಿ ಈಗ ಒಂದು ಮೊಬೈಲು ಅಕ್ಕಿ ಡಬ್ಬದಲ್ಲಿದೆ.)

ಬೆಳಕು ನಿಜವಾಗಿ ಬಾಗುವುದಿಲ್ಲ. ನೀರಿನ ಧಾರೆಯ ಗೋಡೆಗೆ ಒಳಗಿನಿಂದ ಓರೆಯಾಗಿ ಬಡಿದು, ಹೊರಗೆ ದಾಟಲಾಗದೆ, ಮತ್ತೆ ಒಳಕ್ಕೇ ಪುಟಿಯುತ್ತದೆ. ಕೇರಂ ಬೋರ್ಡಿನ ಅಂಚಿಗೆ ಸ್ಟ್ರೈಕರ್ ಬಡಿದು ತಿರುಗುವ ಹಾಗೆ. ಹಾಗೆ ಪುಟಿಯುತ್ತ ಪುಟಿಯುತ್ತ ಕೊನೆಯವರೆಗೂ ಬರುತ್ತದೆ. 1840ರ ದಶಕದಲ್ಲಿ ಜಿನೀವಾದ ಕೊಲಾಡಾನ್, 1854ರಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ಈ ನೀರಿನ ಆಟವನ್ನೇ ಸಭೆಯಲ್ಲಿ ಮಾಡಿ ತೋರಿಸಿದ್ದರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನಮ್ಮ ನರಿಂದರ್ ಸಿಂಗ್ ಕಪಾನಿ ಲಂಡನ್ನಿಗೆ ಹೋಗಿ, ನೀರಿನ ಬದಲು ತೆಳ್ಳನೆಯ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನೇ ಹಾಯಿಸಿ 1954ರಲ್ಲಿ ಆ ವಿಷಯ ಪ್ರಕಟಿಸಿದರು. 'ಫೈಬರ್ ಆಪ್ಟಿಕ್ಸ್' ಎಂಬ ಹೆಸರನ್ನು ಊರಿಗೆಲ್ಲ ಪರಿಚಯ ಮಾಡಿಸಿದವರೂ ಅವರೇ. ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡುವ ವೈದ್ಯರಿಗೆ ಆ ಎಳೆ ವರವಾಯಿತು.

ಆದರೆ ಹೊಟ್ಟೆಯೊಳಗೆ ನೋಡಲು ಒಂದೆರಡು ಮೀಟರ್ ಸಾಕು. ಊರಿಂದ ಊರಿಗೆ ಮಾತು ಕಳಿಸಬೇಕಾದರೆ?

ಇಲ್ಲಿಂದ ನಮ್ಮ ಕಥಾನಾಯಕರು ಬರುತ್ತಾರೆ. ಚಾರ್ಲ್ಸ್ ಕಾವೊ. 1933ರಲ್ಲಿ ಚೀನಾದ ಶಾಂಘೈಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಪಾಠ ಹೇಳಲು ಮೇಷ್ಟರು ಮನೆಗೇ ಬರುತ್ತಿದ್ದರು. ಹುಡುಗ ಮಾತ್ರ ಪಾಠಕ್ಕಿಂತ ರಾಸಾಯನಿಕಗಳ ಹಿಂದೆ ಬಿದ್ದಿದ್ದ. ಮಣ್ಣಿನ ಉಂಡೆಯೊಳಗೆ ಮದ್ದು ಸೇರಿಸಿ ಒಣಗಿಸಿ, ಬೀದಿಗೆ ಎಸೆದು ಢಂ ಎನ್ನಿಸುವುದು ಒಂದು ಆಟವಾಗಿತ್ತಂತೆ. (ಈ ಒಂದು ವಿಷಯದಲ್ಲಿ ನೀವು ಅವರನ್ನು ಅನುಸರಿಸಬಾರದು.) ಆಮೇಲೆ ರೇಡಿಯೋ ಕಟ್ಟುವ ಹುಚ್ಚು ಹತ್ತಿತು. 1948ರಲ್ಲಿ ಮನೆಯವರೆಲ್ಲ ಹಾಂಗ್‌ಕಾಂಗಿಗೆ ಬಂದರು. ಹುಡುಗ ಅಲ್ಲಿಂದ ಲಂಡನ್ನಿಗೆ ಹೋಗಿ ವುಲಿಚ್ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1957ರಲ್ಲಿ ಪದವಿ ಪಡೆದು, ದೂರವಾಣಿ ಮತ್ತು ಕೇಬಲ್ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲೇ ಕೆಲಸ ಮಾಡುತ್ತಿದ್ದ ಗ್ವೆನ್ ಎಂಬ ಎಂಜಿನಿಯರಳನ್ನು 1959ರಲ್ಲಿ ಮದುವೆಯಾದರು.

ಆ ಕಾಲದಲ್ಲಿ ಒಂದು ದೂರವಾಣಿ ಕರೆ ಎಂದರೆ ಏನೆಂದು ಇಂದಿನ ಮಕ್ಕಳಿಗೆ ತಾತ-ಅಜ್ಜಿಯರೇ ಹೇಳಬೇಕು. ನಾನು 1972ರಲ್ಲಿ ಬ್ಯಾಂಕಿಗೆ ಸೇರಿದಾಗ, ಬೆಂಗಳೂರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕು. ಸಾದಾ ಕಾಲ್, ಅರ್ಜೆಂಟ್ ಕಾಲ್, ಲೈಟ್ನಿಂಗ್ ಕಾಲ್ ಎಂದು ಮೂರು ದರ್ಜೆ. ಬೆಳಿಗ್ಗೆ ಬುಕ್ ಮಾಡಿದ ಸಾದಾ ಕಾಲ್ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬರುತ್ತಿತ್ತು. ಬಂದರೂ ನಮ್ಮ ಮ್ಯಾನೇಜರು ಕೂಗುವುದು ಬೆಂಗಳೂರಿಗೆ ಫೋನಿಲ್ಲದೆಯೇ ಕೇಳಿಸುತ್ತದೆ ಎಂದು ನಾವು ನಗುತ್ತಿದ್ದೆವು. ಯಾಕೆ ಹಾಗೆ? ತಂತಿಗಳು ಕಡಿಮೆ, ಒಂದೊಂದು ತಂತಿಯಲ್ಲಿ ಹೋಗಬಲ್ಲ ಮಾತುಗಳೂ ಕಡಿಮೆ. ಅಟ್ಲಾಂಟಿಕ್ ಸಮುದ್ರದಡಿ 1956ರಲ್ಲಿ ಹಾಕಿದ ಮೊದಲ ದೂರವಾಣಿ ಕೇಬಲ್ಲಿನಲ್ಲಿ ಒಂದೇ ಸಲಕ್ಕೆ 36 ಮಾತುಕತೆಗಳಿಗೆ ಮಾತ್ರ ಜಾಗವಿತ್ತು. ಎರಡು ಖಂಡಗಳ ನಡುವೆ, ಮೂವತ್ತಾರು!

ಬೆಳಕಿನ ಮೇಲೆ ಮಾತನ್ನು ಹೊರಿಸಿ ಕಳಿಸಿದರೆ ಲೆಕ್ಕವಿಲ್ಲದಷ್ಟು ಕರೆಗಳು ಹೋಗುತ್ತವೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. 1960ರಲ್ಲಿ ಲೇಸರ್ ಬಂದಾಗ ಆಸೆ ಇನ್ನೂ ಹೆಚ್ಚಿತು. ಆದರೆ ಗಾಳಿಯಲ್ಲಿ ಬಿಟ್ಟರೆ ಮಂಜು, ಮಳೆ ಅಡ್ಡ ಬರುತ್ತವೆ. ಗಾಜಿನ ಎಳೆಯೊಳಗೆ ಬಿಟ್ಟರೆ ಬೆಳಕು ಸ್ವಲ್ಪ ದೂರದಲ್ಲೇ ಸಾಯುತ್ತದೆ. ಬೆಳಕು ಎಷ್ಟು ನಷ್ಟವಾಯಿತೆಂದು ಅಳೆಯಲು 'ಡೆಸಿಬೆಲ್' ಎಂಬ ಅಳತೆ ಬಳಸುತ್ತಾರೆ. ನನ್ನಂಥವನಿಗೆ ಅದು ಅರ್ಥವಾದದ್ದು ಪೈಸೆ ಲೆಕ್ಕದಲ್ಲಿ. ಒಂದು ರೂಪಾಯಿಯ ಬೆಳಕನ್ನು ಎಳೆಯೊಳಗೆ ಹಾಕಿದಿರಿ ಅನ್ನಿ. ಹತ್ತು ಡೆಸಿಬೆಲ್ ನಷ್ಟವಾದರೆ ಕೈಗೆ ಬರುವುದು ಹತ್ತು ಪೈಸೆ. ಇಪ್ಪತ್ತು ಡೆಸಿಬೆಲ್ ನಷ್ಟವಾದರೆ ಒಂದು ಪೈಸೆ. ಮೂವತ್ತಾದರೆ ಒಂದು ಪೈಸೆಯ ಹತ್ತನೇ ಒಂದು ಪಾಲು. ಆಗಿನ ಒಳ್ಳೆಯ ಗಾಜಿನಲ್ಲೂ ನಷ್ಟ ಕಿಲೋಮೀಟರಿಗೆ ಸುಮಾರು ಸಾವಿರ ಡೆಸಿಬೆಲ್. ಅಂದರೆ ಒಂದು ರೂಪಾಯಿ ಹಾಕಿದರೆ ಇಪ್ಪತ್ತೇ ಮೀಟರ್ ದಾಟುವಷ್ಟರಲ್ಲಿ ಒಂದು ಪೈಸೆಗೆ ಇಳಿಯುತ್ತದೆ. ನಮ್ಮ ಮನೆಯಿಂದ ಮೂಲೆಮನೆಗೂ ತಲುಪುವುದಿಲ್ಲ. ಇಂಥ ವ್ಯವಹಾರಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಆದ್ದರಿಂದ ದೊಡ್ಡ ದೊಡ್ಡ ಪ್ರಯೋಗಾಲಯದವರು ಗಾಜನ್ನು ಬಿಟ್ಟು ಟೊಳ್ಳು ಲೋಹದ ಕೊಳವೆಗಳ ಹಿಂದೆ ಹೋಗಿದ್ದರು. ಕಾವೊ ಮಾತ್ರ ಬೇರೆ ಪ್ರಶ್ನೆ ಕೇಳಿದರು. ಬೆಳಕು ಸಾಯುತ್ತಿರುವುದು ಗಾಜಿನಿಂದಲೋ, ಗಾಜಿನೊಳಗಿನ ಕೊಳೆಯಿಂದಲೋ?

ನನಗೆ ಈ ಪ್ರಶ್ನೆ ಬಹಳ ಹಿಡಿಸಿತು. ಲೆಕ್ಕ ತಾಳೆಯಾಗದಿದ್ದಾಗ ಹೊಸ ಗುಮಾಸ್ತ ಇಡೀ ಲೆಡ್ಜರನ್ನೇ ಬೈಯುತ್ತಾನೆ. ಹಳೆಯ ಗುಮಾಸ್ತ, ತಪ್ಪು ಯಾವ ಎಂಟ್ರಿಯಲ್ಲಿದೆ ಎಂದು ಹುಡುಕುತ್ತಾನೆ.

ಮಕ್ಕಳೇ, ನಿಮ್ಮ ಮನೆಯ ಕಿಟಕಿ ಗಾಜನ್ನು ಎದುರಿನಿಂದ ನೋಡಿದರೆ ಬಣ್ಣವೇ ಇಲ್ಲ. ಅಂಚಿನಿಂದ ನೋಡಿ, ಹಸಿರಾಗಿ ಕಾಣುತ್ತದೆ. ಅದು ಗಾಜಿನಲ್ಲಿ ಸೇರಿಕೊಂಡ ಕಬ್ಬಿಣದ ಅಂಶ. ಅದೇ ಬೆಳಕನ್ನು ನುಂಗುವ ಕಳ್ಳ. ಕಬ್ಬಿಣ, ತಾಮ್ರದಂಥ ಲೋಹಗಳ ಅಂಶವನ್ನು ತೀರ ಕಡಿಮೆ ಮಾಡಿಬಿಟ್ಟರೆ ನಷ್ಟವನ್ನು ಕಿಲೋಮೀಟರಿಗೆ ಇಪ್ಪತ್ತು ಡೆಸಿಬೆಲ್‌ಗಿಂತ ಕೆಳಗೆ ತರಬಹುದು ಎಂದು ಕಾವೊ ಲೆಕ್ಕ ಹಾಕಿದರು. ಒಂದು ಕಿಲೋಮೀಟರ್ ಆದಮೇಲೆ ಒಂದು ಪೈಸೆ ಉಳಿದರೆ ಸಾಕು, ಅದರಿಂದ ಮಾತನ್ನು ಹಿಡಿಯಬಹುದು. ಎಳೆಯ ಆಕಾರವನ್ನೂ ಅವರೇ ಹೇಳಿದರು: ನಡುವೆ ಅತಿ ಸಣ್ಣ ತಿರುಳು, ಅದರ ಸುತ್ತ ಸ್ವಲ್ಪ ಬೇರೆ ಗುಣದ ಗಾಜಿನ ಹೊದಿಕೆ. ಜೊತೆಗಾರ ಜಾರ್ಜ್ ಹಾಕ್‌ಹ್ಯಾಮ್ ಗಣಿತದ ಕಡೆ ನೋಡಿಕೊಂಡರು. 1966ರ ಜನವರಿಯಲ್ಲಿ ಲಂಡನ್ನಿನ ಎಂಜಿನಿಯರುಗಳ ಸಭೆಯಲ್ಲಿ ಮಂಡಿಸಿ, ಜುಲೈನಲ್ಲಿ ಪ್ರಕಟಿಸಿದರು. ಇಂಥ ಒಂದು ಎಳೆಯಲ್ಲಿ ಎರಡು ಲಕ್ಷ ದೂರವಾಣಿ ಮಾತುಗಳು ಹೋಗಬಹುದೆಂದರು. ಮೂವತ್ತಾರು ಕರೆಗಳ ಕಾಲದಲ್ಲಿ ಎರಡು ಲಕ್ಷ ಎಂದರೆ ಯಾರು ನಂಬುತ್ತಾರೆ?

ನಂಬಲಿಲ್ಲ. ಕಾವೊ ಸುಮ್ಮನೆ ಕೂರಲೂ ಇಲ್ಲ. ಅಮೆರಿಕಕ್ಕೆ ಹೋದರು, ಜಪಾನಿಗೆ ಹೋದರು, ಕಂಡಕಂಡ ಪ್ರಯೋಗಾಲಯದ ಬಾಗಿಲು ತಟ್ಟಿದರು. 1969ರಲ್ಲಿ ಅತಿ ಶುದ್ಧ ಸಿಲಿಕಾ ಗಾಜಿನ ತುಂಡೊಂದನ್ನು ಅಳೆದು, ಅದರಲ್ಲಿ ನಷ್ಟ ಕಿಲೋಮೀಟರಿಗೆ ನಾಲ್ಕು ಡೆಸಿಬೆಲ್ ಮಾತ್ರ ಎಂದು ತೋರಿಸಿದ ಮೇಲೆ ಎದುರು ಮಾತಾಡುವುದು ಕಷ್ಟವಾಯಿತು. ಗಾಜು ನಿರಪರಾಧಿ ಎಂದಾಯಿತು. ಸಿಲಿಕಾ ಎಂದರೆ ಏನೋ ದುಬಾರಿ ವಸ್ತುವಲ್ಲ, ನಮ್ಮ ಮರಳಿನಲ್ಲಿರುವುದೇ.

ಆ ದಿನಗಳಲ್ಲಿ ಮನೆಯ ಕಥೆಯೂ ಒಂದಿದೆ. ಗ್ವೆನ್ ಮುಂದೆ ಎಷ್ಟೋ ವರ್ಷಗಳಾದ ಮೇಲೆ ಅದನ್ನು ಹೇಳಿದರು. ಎರಡು ಸಣ್ಣ ಮಕ್ಕಳು, ಮೇಜಿನ ಮೇಲೆ ತಣ್ಣಗಾಗುತ್ತಿರುವ ಅಡುಗೆ, ದಿನವೂ ತಡವಾಗಿ ಬರುವ ಗಂಡ. ಇವರು ರೇಗಿದರೆ ಅವರು, ಸಿಟ್ಟಾಗಬೇಡ, ನಾವು ಮಾಡುತ್ತಿರುವ ಕೆಲಸ ಒಂದು ದಿನ ಪ್ರಪಂಚವನ್ನೇ ಅಲ್ಲಾಡಿಸುತ್ತದೆ ಎನ್ನುತ್ತಿದ್ದರಂತೆ. ಹಾಗಾದರೆ ನೊಬೆಲ್ ಬಹುಮಾನವೂ ಬರುತ್ತದೆ ಬಿಡಿ ಎಂದು ಇವರು ಕುಟುಕಿದ್ದರಂತೆ. ಈ ಸಂಭಾಷಣೆ ಓದಿ ನನ್ನ ಹೆಂಡತಿ ಬಹಳ ಹೊತ್ತು ನಕ್ಕಳು. ಬ್ಯಾಂಕಿನಿಂದ ತಡವಾಗಿ ಬರುತ್ತಿದ್ದ ನನಗೆ ಅಂಥ ಉತ್ತರ ಕೊಡುವ ಯೋಗ ಇರಲಿಲ್ಲ.

1970ರ ಆಗಸ್ಟ್‌ನಲ್ಲಿ ಅಮೆರಿಕದ ಕಾರ್ನಿಂಗ್ ಎಂಬ ಗಾಜಿನ ಕಂಪನಿಯಲ್ಲಿ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಜ್ ಎಂಬ ಮೂವರು ಕಾವೊ ಹೇಳಿದ ಗೆರೆಯನ್ನು ದಾಟಿದರು. ನಷ್ಟ 17 ಡೆಸಿಬೆಲ್. ನಮ್ಮ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ ಎರಡು ಪೈಸೆ ಉಳಿತಾಯ. ಸಂಜೆ ಹೊತ್ತಿನಲ್ಲಿ ಒಬ್ಬರೇ ಅಳತೆ ಮಾಡಿದ ಕೆಕ್, ನೋಟ್‌ಬುಕ್ಕಿನಲ್ಲಿ ಅಂಕಿಯ ಪಕ್ಕಕ್ಕೆ 'ವೂಪೀ!' ಎಂದು ಬರೆದುಬಿಟ್ಟರು. ಇವತ್ತಿನ ಎಳೆಗಳಲ್ಲಿ ನಷ್ಟ ಕಿಲೋಮೀಟರಿಗೆ 0.2 ಡೆಸಿಬೆಲ್‌ನ ಆಸುಪಾಸು. ಅಂದರೆ ಒಂದು ಕಿಲೋಮೀಟರ್ ಆದಮೇಲೂ ತೊಂಬತ್ತೈದು ಪೈಸೆ ಕೈಯಲ್ಲಿರುತ್ತದೆ. ಆ ಒಂದು ಪೈಸೆಗೆ ಇಳಿಯಬೇಕಾದರೆ ನೂರು ಕಿಲೋಮೀಟರ್ ಹೋಗಬೇಕು.

ಈಗ ಮೊಮ್ಮಗಳ ತುಂಡಿಗೆ ಬರೋಣ. ಗಾಜಿನ ಎಳೆ ಸಿಕ್ಕಿತು ಅಂದ ಮಾತ್ರಕ್ಕೆ ಅದನ್ನು ಹಾಗೇ ಚರಂಡಿ ಪಕ್ಕದಲ್ಲಿ ಹೂಳಲಾಗುತ್ತದೆಯೇ? ಬೆಳಕು ಓಡುವ ತಿರುಳು ಸುಮಾರು ಒಂಬತ್ತು ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಹೊದಿಕೆ ಸೇರಿ ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ನಿಮ್ಮ ತಲೆಗೂದಲಷ್ಟು. ಇಂಥದ್ದನ್ನು ಎಳೆದರೆ, ಬಗ್ಗಿಸಿದರೆ, ಒದ್ದೆ ಮಾಡಿದರೆ ಕೆಡುತ್ತದೆ. ತೀರಾ ಮಡಿಸಿದರೆ ಬೆಳಕು ತಿರುವಿನಲ್ಲಿ ಹೊರಕ್ಕೆ ಸೋರುತ್ತದೆ. ಆದ್ದರಿಂದ ಕೇಬಲ್ ವಿನ್ಯಾಸ ಮಾಡುವ ಎಂಜಿನಿಯರುಗಳದೇ ಒಂದು ದೊಡ್ಡ ಸಾಹಸ. ನಾವು ಅಡಿಕೆ ಕತ್ತರಿ, ಬ್ಲೇಡು, ಇಕ್ಕಳ ಹಿಡಿದು, ಕೈಗೆ ಗ್ಲೌಸ್ ಹಾಕಿ, ಸಿಪ್ಪೆ ಬಿಡಿಸುತ್ತ ಹೋದೆವು.

ಎಲ್ಲಕ್ಕಿಂತ ಹೊರಗೆ ಕಪ್ಪು ಪ್ಲಾಸ್ಟಿಕ್. ಕಪ್ಪು ಯಾಕೆಂದರೆ ಅದರಲ್ಲಿ ಮಸಿ ಬೆರೆಸಿರುತ್ತಾರೆ. ಬಿಸಿಲಿಗೆ ಸೀಳು ಬಿಡುವುದಿಲ್ಲ. ಅದರ ಕೆಳಗೆ ಏರಿಳಿತದ ಮಡಿಕೆಯುಳ್ಳ ಉಕ್ಕಿನ ತಗಡು. "ಇದು ಯಾಕೆ ತಾತ?" ಹೆಗ್ಗಣಗಳಿಗೆ! ಕೇಬಲ್ ಕಡಿಯುವುದೆಂದರೆ ಅವಕ್ಕೆ ಬಲು ಇಷ್ಟ. ಆಮೇಲೆ ಹಳದಿ ನಾರು, ರೇಷ್ಮೆಯ ಹಾಗೆ ಮಿನುಗುತ್ತಿತ್ತು. ಕತ್ತರಿಗೆ ಜಗ್ಗಲಿಲ್ಲ. ಗುಂಡು ತಡೆಯುವ ಅಂಗಿಗಳಲ್ಲಿ ಹಾಕುವ ಕೆವ್ಲಾರ್ ಜಾತಿಯ ನಾರು ಅದು. ಕೆವ್ಲಾರನ್ನು 1965ರಲ್ಲಿ ಕಂಡುಹಿಡಿದವರು ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ. ಕೇಬಲ್ಲನ್ನು ಕೊಳವೆಯೊಳಗೆ ಎಳೆಯುವಾಗ ಆ ಎಳೆತವೆಲ್ಲ ಈ ನಾರಿನ ಮೇಲೆ, ಮತ್ತು ನಟ್ಟನಡುವಿನ ಗಟ್ಟಿ ಕಡ್ಡಿಯ ಮೇಲೆ ಬೀಳುತ್ತದೆ. ಗಾಜಿಗೆ ಏನೂ ತಾಗುವುದಿಲ್ಲ.

ಆ ಕಡ್ಡಿಯ ಸುತ್ತ ಬಣ್ಣಬಣ್ಣದ ಸಣ್ಣ ಕೊಳವೆಗಳು ಸುತ್ತಿಕೊಂಡಿದ್ದವು. ನೇರವಾಗಿ ಅಲ್ಲ. ಸ್ವಲ್ಪ ದೂರ ಬಲಕ್ಕೆ ಸುತ್ತಿ, ಮತ್ತೆ ಎಡಕ್ಕೆ ಸುತ್ತಿ. ಪ್ರತಿ ಕೊಳವೆಯ ಒಳಗೆ ಅಂಟು ಜೆಲ್ಲಿಯಲ್ಲಿ ಎಳೆಗಳು ಸಡಿಲವಾಗಿ ತೇಲುತ್ತಿದ್ದವು. ಎಳೆಯ ಉದ್ದವನ್ನು ಕೊಳವೆಗಿಂತ ಒಂದಿಷ್ಟು ಹೆಚ್ಚಿಗೆ ಇಟ್ಟಿರುತ್ತಾರಂತೆ. ಬೇಸಿಗೆಗೆ ಕೇಬಲ್ ಹಿಗ್ಗಿದರೂ, ಯಾರಾದರೂ ಜಗ್ಗಿದರೂ, ಎಳೆ ಬಿಗಿಯಾಗುವುದಿಲ್ಲ. ಬೆಳೆಯುವ ಹುಡುಗಿಯ ಲಂಗಕ್ಕೆ ನಮ್ಮಮ್ಮ ಎರಡು ಮಡಿಕೆ ಹೆಚ್ಚಿಗೆ ಹೊಲಿಯುತ್ತಿದ್ದರಲ್ಲ, ಅದೇ ಉಪಾಯ. ಜೆಲ್ಲಿ ನೀರನ್ನು ಒಳಗೆ ಬಿಡುವುದಿಲ್ಲ. ನೀರು ಸೋಕಿದ ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ನಿಧಾನವಾಗಿ ಬೆಳೆಯುತ್ತವೆ.

ಎಳೆಗಳ ಬಣ್ಣಕ್ಕೂ ಒಂದು ಕ್ರಮವಿದೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಒಂದರಿಂದ ಹನ್ನೆರಡು. ಮೊಮ್ಮಗಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದಳು. ಮಗ್ಗಿಗೆ ಮಾತ್ರ ಇಷ್ಟು ಉತ್ಸಾಹ ಇಲ್ಲ.

ಸಮುದ್ರದಡಿಯ ಕೇಬಲ್ಲಿನ ಕಥೆ ಇನ್ನೂ ಸ್ವಾರಸ್ಯ. 1988ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್‌ನಡಿ ಮೊದಲ ಗಾಜಿನ ಕೇಬಲ್ ಶುರುವಾಯಿತು. ಹೆಸರು ಟ್ಯಾಟ್-8. ಒಂದೇ ಸಲಕ್ಕೆ 40,000 ಕರೆಗಳ ಸಾಮರ್ಥ್ಯ. ಆಳದಲ್ಲಿ ಇಂಥ ಕೇಬಲ್ಲುಗಳು ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ದಾರಿಯಲ್ಲಿ ಸೊರಗಿದ ಬೆಳಕಿಗೆ ಮತ್ತೆ ಬಲ ತುಂಬುವ ಯಂತ್ರಗಳಿಗೆ ಕರೆಂಟು ಒಯ್ಯಲು ತಾಮ್ರದ ಪದರವೂ ಇರುತ್ತದೆ. ದಡದ ಹತ್ತಿರ ಬಂದ ಹಾಗೆ ಉಕ್ಕಿನ ತಂತಿಗಳ ಕವಚ ಹೆಚ್ಚುತ್ತದೆ. ಅಲ್ಲಿ ಶತ್ರು ಹೆಗ್ಗಣವಲ್ಲ, ಹಡಗಿನ ಲಂಗರು ಮತ್ತು ಮೀನುಬಲೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್ಲುಗಳು ತುಂಡಾದಾಗ ಭಾರತದ ಇಂಟರ್ನೆಟ್ ಕುಂಟಿದ್ದು ಹಲವರಿಗೆ ನೆನಪಿರಬಹುದು. ನನಗೆ ಅದಕ್ಕಿಂತ ಚೆನ್ನಾಗಿ ನೆನಪಿರುವುದು ನಮ್ಮ ಶಾಖೆಯ ಒಂದು ತಿಂಗಳ ಮೊದಲ ದಿನ. ಎಲ್ಲೋ ಯಾರೋ ಗುದ್ದಲಿ ಹಾಕಿ ಲೈನು ಹೋಗಿ, ಪಿಂಚಣಿಗೆ ಬಂದ ಅರವತ್ತು ಎಪ್ಪತ್ತು ಜನ ಹಿರಿಯರು ಬೆಂಚು ಸಾಲದೆ ಮೆಟ್ಟಿಲ ಮೇಲೆ ಕೂತಿದ್ದರು. "ಕಂಪ್ಯೂಟರ್ ಕೆಲಸ ಮಾಡ್ತಿಲ್ಲ" ಎಂದು ಕೌಂಟರಿನಲ್ಲಿ ನೂರು ಸಲ ಹೇಳಿದೆ. ಒಬ್ಬ ಅಜ್ಜಿ, "ನೀನಾದರೂ ಮಾಡಪ್ಪ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾವೊ ಮುಂದೆ ಹಾಂಗ್‌ಕಾಂಗಿನ ಚೈನೀಸ್ ವಿಶ್ವವಿದ್ಯಾಲಯಕ್ಕೆ 1987ರಿಂದ 1996ರವರೆಗೆ ಕುಲಪತಿಯಾಗಿದ್ದರು. 2009ರ ಅಕ್ಟೋಬರಿನಲ್ಲಿ ಗ್ವೆನ್ ಕುಟುಕಿದ್ದು ನಿಜವಾಯಿತು. ಭೌತಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಭಾಗ ಕಾವೊ ಅವರಿಗೆ ಬಂತು. ಆದರೆ ಅಷ್ಟರಲ್ಲಿ ಅವರಿಗೆ ಆಲ್ಝೈಮರ್ ಕಾಯಿಲೆ ಬಂದು ಐದಾರು ವರ್ಷಗಳಾಗಿದ್ದವು. ಭೂಮಿಯ ತುಂಬ ಮಾತು ಓಡಲು ದಾರಿ ಮಾಡಿದವರಿಗೆ ತಮ್ಮ ಮಾತೇ ಕೂಡಿಬರುತ್ತಿರಲಿಲ್ಲ. ಬಹುಮಾನ ಪಡೆದವರು ಸ್ಟಾಕ್‌ಹೋಮ್‌ನಲ್ಲಿ ಉಪನ್ಯಾಸ ಮಾಡುವುದು ವಾಡಿಕೆ. ಡಿಸೆಂಬರ್ 8ರಂದು ಆ ಉಪನ್ಯಾಸವನ್ನು ಗ್ವೆನ್ ಓದಿದರು. ತಣ್ಣಗಾದ ಅಡುಗೆಯ ಕಥೆಯನ್ನು ಅವರು ಹೇಳಿದ್ದು ಅಲ್ಲಿಯೇ. ಎರಡು ದಿನಗಳ ನಂತರದ ಸಮಾರಂಭದಲ್ಲಿ ಪದಕ ಪಡೆಯುವವರು ವೇದಿಕೆಯ ನಡುವಿಗೆ ನಡೆದು ಬಂದು ಮೂರು ಸಲ ತಲೆಬಾಗಬೇಕು. ಅಂದು ಸ್ವೀಡನ್ನಿನ ದೊರೆಯೇ ಕಾವೊ ನಿಂತಲ್ಲಿಗೆ ನಡೆದು ಹೋಗಿ ಪದಕ ಕೊಟ್ಟರು. ಮುಂದಿನ ವರ್ಷ ದಂಪತಿಗಳು ಮರೆವಿನ ಕಾಯಿಲೆಯವರ ನೆರವಿಗೆಂದು ಒಂದು ಪ್ರತಿಷ್ಠಾನ ಕಟ್ಟಿದರು. 2018ರ ಸೆಪ್ಟೆಂಬರ್ 23ರಂದು, 84ನೇ ವಯಸ್ಸಿನಲ್ಲಿ, ಕಾವೊ ಹಾಂಗ್‌ಕಾಂಗಿನಲ್ಲಿ ತೀರಿಕೊಂಡರು.

ಇದನ್ನು ಓದಿದ ರಾತ್ರಿ ನಾನು ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಕ್ಕನನ್ನು ಎರಡು ಸಲ ಎದ್ದು ಹೋಗಿ ನೋಡಿ ಬಂದೆ.

ಆ ಭಾನುವಾರದ ಕಥೆ ಅರ್ಧಕ್ಕೇ ನಿಂತಿತಲ್ಲ, ಹೇಳಿಬಿಡುತ್ತೇನೆ. ವ್ಯಾನಿನ ಹುಡುಗ ಜೆಸಿಬಿಯ ಗುಂಡಿಯ ಪಕ್ಕ ಕೊಡೆ ಬಿಚ್ಚಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಳೆಯ ಸಿಪ್ಪೆ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಮುರಿದು, ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರದಲ್ಲಿ ಎದುರುಬದುರು ಇಡುತ್ತಿದ್ದ. ಪುಟ್ಟ ಪರದೆಯ ಮೇಲೆ ಎರಡು ಎಳೆಗಳೂ ಎರಡು ಕಂಬಗಳ ಹಾಗೆ ಕಾಣುತ್ತಿದ್ದವು. ಒಂದು ಕಿಡಿ ಹಾರಿತೋ ಇಲ್ಲವೋ, ಎರಡೂ ಕರಗಿ ಒಂದಾದವು. ಕೆಳಗೆ ಅಂಕಿ ಬಂತು: 0.02. ಅರ್ಧ ಪೈಸೆಯೂ ನಷ್ಟವಿಲ್ಲ! ಹೊಸ ಬೆಸುಗೆಯಲ್ಲಿ ಅರ್ಧ ಪೈಸೆಯೂ ನಷ್ಟವಿಲ್ಲದ ಹಾಗೆ ಜೋಡಿಸುವ ಹುಡುಗನಿಗೆ ಒಂದು ಲೋಟ ಕಾಫಿ ಕೊಟ್ಟೆವು. ಎಲ್ಲಿ ತುಂಡಾಗಿದೆ ಅಂತ ಆಫೀಸಿನಲ್ಲಿ ಕೂತೇ ಹೇಗೆ ಗೊತ್ತಾಗುತ್ತದೆ ಎಂದು ಮೊಮ್ಮಗಳು ಕೇಳಿದಳು. "ಬೆಳಕು ಬಿಡ್ತೀವಿ, ತುಂಡಾದ ಕಡೆ ಬಡಿದು ವಾಪಸ್ ಬರತ್ತೆ. ಎಷ್ಟು ಹೊತ್ತಿಗೆ ಬಂತು ಅನ್ನೋದರ ಮೇಲೆ ದೂರ. ಗೋಳಗುಮ್ಮಟದಲ್ಲಿ ಕೂಗಿಲ್ವಾ?" ಅಂದ. ಅವನು ವಿಜಯಪುರದ ಕಡೆಯವನು.

ಹನ್ನೆರಡೂ ಬಣ್ಣ ಮುಗಿಯುವಷ್ಟರಲ್ಲಿ ಸಂಜೆ ಆರೂವರೆ. ಪೆಟ್ಟಿಗೆಯ ಹಸಿರು ದೀಪ ಹೊತ್ತಿತು. ಮೊಮ್ಮಗಳು ತಾನೇ ಕಾಲ್ ಮಾಡಿ ಮೊಬೈಲನ್ನು ಅಕ್ಕನ ಕೈಗಿಟ್ಟಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಕೂದಲು ಕೆದರಿಕೊಂಡು ನಿದ್ದೆಗಣ್ಣಿನಲ್ಲಿ ಮಗ ಕಾಣಿಸಿದ.

"ಊಟ ಆಯ್ತೇನೋ?" ಎಂದಳು ಅಕ್ಕ.

"ಇಲ್ಲಮ್ಮ, ಈಗ ಎದ್ದೆ" ಎಂದ ಅವನು.